ಚರ್ಚ್ ಮದುವೆಗೆ ಮಲ್ಲಿಗೆ ಬೊಕೆ ಆಗುತ್ತಾ?

ಪ್ರಶ್ನೆ: ಮೇ ತಿಂಗಳಲ್ಲಿ ಮಂಗಳೂರಿನಲ್ಲಿ ತಂಗಿಯ ಮದುವೆ. ಗುಲಾಬಿ ಬೊಕೆ ಬೇಡ, ಶಂಕರಪುರ ಮಲ್ಲಿಗೆಯೇ ಬೇಕು ಅಂತ ಹಟ. ಆ ಸೆಕೆಗೆ ಬಾಡುವುದಿಲ್ವಾ?

ಉತ್ತರ: ಮಾಡಬಹುದು. ನನ್ನ ಕಸುಬೇ ಇದು. ಮಲ್ಲಿಗೆಗೆ ಉದ್ದ ದಂಟಿಲ್ಲ ಅಲ್ವಾ, ಬಾಳೆ ನಾರಲ್ಲಿ ಕಟ್ಟಿದ ಮಾಲೆಯನ್ನೇ ತನ್ನಿ. ಮೊದಲು ಸುಗಂಧರಾಜದ ಏಳೆಂಟು ದಂಟುಗಳನ್ನು ಒಂದೇ ದಿಕ್ಕಿಗೆ ಓರೆಯಾಗಿ ಜೋಡಿಸುತ್ತಾ ಬಿಗಿಯಾಗಿ ಕಟ್ಟಿ. ಆಮೇಲೆ ಮಲ್ಲಿಗೆಯನ್ನು ಸುತ್ತಿ, ತುದಿ ಇಳಿಬಿಡಿ. ಬಿರಿದ ಹೂ ಬೇಡ, ಮೊಗ್ಗೇ ಇರಲಿ. ಹೊರಡುವವರೆಗೆ ಒದ್ದೆ ಬಾಳೆಎಲೆಯಲ್ಲಿ ಸುತ್ತಿಡಿ. ಗ್ಲಿಟರ್ ಮಾತ್ರ ಹೊಡೆಯಬೇಡಿ ಮಾರಾಯ್ರೇ, ಸುಮ್ನೆ ಹೂವಿಗೆ ಅವಮಾನ!

ಇನ್ನೊಬ್ಬರು: ಬೊಕೆಗೆ ಒಂದು ಚೆಂಡು ಮಲ್ಲಿಗೆ ಸಾಕಾ?

ಉತ್ತರ: ಧಾರಾಳ, ಚೆಂಡಿಗೆ 800 ಹೂ. ಮುಡಿಗೆ ಬೇರೆ ತನ್ನಿ. ಮದುವೆ ಸೀಸನ್ನಲ್ಲಿ ರೇಟು ಜಾಸ್ತಿ, ಮೊದಲೇ ಹೇಳಿಡಿ.