ಕಾಶಿ ರೈಲಿಗೆ ಯಾವ ರಾಮಾಯಣ?

ಅಕ್ಕಾ, ನಿನ್ನ ಮೆಸೇಜ್ ಈಗ ನೋಡಿದೆ. ಕಾಶಿಗೆ ಹೋಗುವಾಗ ರೈಲಿನಲ್ಲಿ ಮಕ್ಕಳಿಗೆ ತೋರಿಸೋಕೆ ಯಾವ ರಾಮಾಯಣದ ಕಾರ್ಟೂನ್ ಹಾಕಿಕೊಳ್ಳಲಿ ಅಂತ ಕೇಳಿದ್ದೀಯ. ಟೈಪ್ ಮಾಡೋಕೆ ಬೇಜಾರು, ಮಾತಲ್ಲೇ ಹೇಳುತ್ತೇನೆ. ಉದ್ದ ಆದರೆ ಅಡುಗೆ ಮಾಡುತ್ತಾ ಕೇಳು.

ನನ್ನ ಓಟು ಆ ಜಪಾನಿನವರ ರಾಮಾಯಣಕ್ಕೆ. 'ರಾಮಾಯಣ: ದ ಲೆಜೆಂಡ್ ಆಫ್ ಪ್ರಿನ್ಸ್ ರಾಮ'. ಟಿವಿಯಲ್ಲಿ ಬರುತ್ತಿತ್ತಲ್ಲ, ಅದೇ. ಯುಗೋ ಸಾಕೋ ಅನ್ನುವವರು 1983ರಲ್ಲಿ ಅಲಹಾಬಾದ್ ಹತ್ತಿರ ಪುರಾತತ್ವಜ್ಞ ಬಿ.ಬಿ. ಲಾಲ್ ಅವರು ಮಾಡಿಸುತ್ತಿದ್ದ ಉತ್ಖನನದ ಬಗ್ಗೆ ಸಾಕ್ಷ್ಯಚಿತ್ರ ಮಾಡೋಕೆ ಬಂದವರು, ರಾಮಾಯಣದ ಹುಚ್ಚು ಹಿಡಿಸಿಕೊಂಡು ವಾಪಸ್ ಹೋದರು. ನಿಮ್ಮ ರೈಲೂ ಆ ಕಡೆಯಿಂದಲೇ ಹೋಗೋದು ಅಲ್ವಾ? ಆಮೇಲೆ ಆ ಸಾಕೋ, ನಮ್ಮ ರಾಮ್ ಮೋಹನ್, ಜಪಾನಿನ ಕೋಯಿಚಿ ಸಾಸಾಕಿ ಮೂವರೂ ಸೇರಿ ಈ ಸಿನಿಮಾ ನಿರ್ದೇಶನ ಮಾಡಿದ್ದು. ಸುಮಾರು 450 ಕಲಾವಿದರು, ಲಕ್ಷದಷ್ಟು ಚಿತ್ರ, ಎಲ್ಲ ಕೈಯಲ್ಲೇ ಬರೆದದ್ದು. 2025ರ ಜನವರಿಯಲ್ಲಿ 4ಕೆ ಮಾಡಿ ಥಿಯೇಟರಿಗೂ ತಂದರು.

ಒಂದೇ ಕೊರತೆ. ಆಗ ಬಂದದ್ದು ಹಿಂದಿ, ತಮಿಳು, ತೆಲುಗು, ಇಂಗ್ಲಿಷ್‌ನಲ್ಲಿ. ಕನ್ನಡ ಇಲ್ಲ. ಹಳೆಯ ಹಿಂದಿ ಪ್ರತಿಯಲ್ಲಿ ರಾಮನಿಗೆ ಅರುಣ್ ಗೋವಿಲ್, ರಾವಣನಿಗೆ ಅಮರೀಶ್ ಪುರಿ ದನಿ ಕೊಟ್ಟಿದ್ದಾರೆ, ಕೇಳೋಕೆ ಮಜಾ. ಆದರೆ ಚಿಕ್ಕವನಿಗೆ ಹಿಂದಿ ಅಷ್ಟಕ್ಕಷ್ಟೆ. ಅದಕ್ಕೇ ಹೇಳೋದು, ಮಕ್ಕಳ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ನೀನು ಮಲಗಬೇಡ. ಹೇಗೂ ಅಜ್ಜಿ ಜೊತೆಯಲ್ಲೇ ಬರುತ್ತಾರೆ. ಟ್ಯಾಬ್ ಅವರ ತೊಡೆ ಮೇಲೆ ಇಡು. ಥಿಯೇಟರಿನಲ್ಲಿ ನಿಲ್ಲಿಸಿ ಅಂದರೆ ಯಾರು ನಿಲ್ಲಿಸುತ್ತಾರೆ? ಇಲ್ಲಿ ಬೆರಳು ಒತ್ತಿದರೆ ರಾವಣನೂ ಕೈ ಎತ್ತಿದವನು ಹಾಗೇ ನಿಂತಿರುತ್ತಾನೆ. ಅಷ್ಟರಲ್ಲಿ ಅಜ್ಜಿ ಕಥೆ ಹೇಳಲಿ. ವಾಲಿ ಸುಗ್ರೀವರ ಜಗಳ ಬಂದಾಗಂತೂ ನಿಲ್ಲಿಸಲೇಬೇಕು. ಆ ಕಿಷ್ಕಿಂಧೆ ನಮ್ಮ ಆನೆಗೊಂದಿ ಕಡೆಯದು ಅಂತಾರೆ, ನಿನ್ನ ಮಕ್ಕಳು ಅಂಜನಾದ್ರಿ ಮೆಟ್ಟಿಲು ಹತ್ತುವಾಗ ಎತ್ತಿಕೋ ಎತ್ತಿಕೋ ಅಂತ ಅತ್ತ ಜಾಗ. ಕುಂಭಕರ್ಣನನ್ನು ಎಬ್ಬಿಸುವಾಗ ಸೌಂಡ್ ಪೂರ್ತಿ ಮ್ಯೂಟ್ ಮಾಡು, ಗೊರಕೆ ಅಜ್ಜಿಯೇ ಹೊಡೆಯಲಿ. ಅವರಷ್ಟು ಚೆನ್ನಾಗಿ ಯಾವ ಡಬ್ಬಿಂಗ್ ಕಲಾವಿದನೂ ಹೊಡೆಯಲ್ಲ. (ಅಜ್ಜೀ, ಕೇಳಿಸಿಕೊಂಡರೆ ಬೈಬೇಡಿ.)

ಎರಡೂ ಕಾಲು ಗಂಟೆಯ ಸಿನಿಮಾ. ಹೀಗೆ ನೋಡಿದರೆ ಎರಡು ದಿನ ಬರುತ್ತದೆ, ನಿನಗೂ ಅದೇ ತಾನೇ ಬೇಕಿರೋದು? ಆದರೆ ಫೋನ್ ಬೇಡ. ಯುದ್ಧದಲ್ಲಿ ಕಪಿಸೇನೆ ಇರುವೆ ಸಾಲಿನ ಹಾಗೆ ಕಾಣುತ್ತದೆ.

ನಿನ್ನ ಮೆಸೇಜ್ ಕೆಳಗೆ ಭಾವ ಇನ್ನೊಂದು ರಾಮಾಯಣದ ಕಾರ್ಟೂನ್ ಲಿಂಕ್ ಹಾಕಿದ್ದಾರೆ, 'ಸೀತಾ ಸಿಂಗ್ಸ್ ದ ಬ್ಲೂಸ್', ಫ್ರೀ ಅಂತ. ಫ್ರೀ ಇರೋದು ನಿಜ. 2008ರದು, ಮಾಡಿದ ನೀನಾ ಪೇಲಿ ತಾವೇ ಎಲ್ಲರಿಗೂ ಬಿಟ್ಟುಕೊಟ್ಟಿದ್ದಾರೆ, ಡೌನ್‌ಲೋಡ್ ಮಾಡಿದರೆ ಕಳ್ಳತನ ಅಲ್ಲ. ಮೂರು ತೊಗಲುಗೊಂಬೆ ಕೂತು, ದಶರಥ ಹೀಗಂದ, ಅಲ್ಲ ಹಾಗಂದ ಅಂತ ವಾದ ಮಾಡುತ್ತವೆ, ಥೇಟ್ ನಮ್ಮ ಮನೆ! ನನಗಂತೂ ತುಂಬಾ ಇಷ್ಟ. ಆದರೆ ಅದರಲ್ಲಿ ಗಂಡ ಬಿಟ್ಟುಹೋಗುವ ಇನ್ನೊಂದು ಕಥೆಯೂ ಇದೆ. ಮಕ್ಕಳಿಗೆ ಬೇಡ, ಅಜ್ಜಿ ಎದುರಿಗೆ ಖಂಡಿತ ಬೇಡ. ನಾವು ನೋಡೋಣ.

ಡೌನ್‌ಲೋಡ್ ವಿಷಯ. ಆ್ಯಪ್‌ನಲ್ಲಿ ಇಳಿಸಿಕೊಂಡದ್ದು ಆ ಆ್ಯಪ್ ಒಳಗೇ ಓಡುತ್ತದೆ, ಕೆಲವಕ್ಕೆ ದಿನದ ಗಡುವೂ ಇರುತ್ತದೆ. ಹೊರಡುವ ಹಿಂದಿನ ರಾತ್ರಿಯೇ ಇಳಿಸಿಕೋ. ನೆಟ್ ಆಫ್ ಮಾಡಿ ಐದು ನಿಮಿಷ ಓಡಿಸಿ ನೋಡು. ಗ್ರೂಪ್‌ಗಳಲ್ಲಿ ಸುತ್ತಾಡೋ ಕಾಪಿ ಬೇಡ, ಬಣ್ಣವೇ ಇರಲ್ಲ. ಸೌಂಡ್ ಕಡಿಮೆ ಇಡು, ಎದುರಿನ ಸೀಟಿನವರೂ ಮನುಷ್ಯರೇ. ಪವರ್ ಬ್ಯಾಂಕ್ ನನ್ನ ಹತ್ತಿರ ದೊಡ್ಡದಿದೆ, ಶನಿವಾರ ಬಂದಾಗ ತರುತ್ತೇನೆ, ಜ್ಞಾಪಿಸು.