ಗ್ರೇ-ಕಿಂಗ್ ಪರೀಕ್ಷೆ: ಮೊತ್ತ ಸರಿ, ಟಾರ್ ಮಾತ್ರ ಪ್ರತಿ ಸಲ ಬೇರೆ

ಪ್ರಶ್ನೆ: ನಮ್ಮದು ಬೆಂಗಳೂರಿನ ಕಾಲೇಜು ಲ್ಯಾಬ್. ಝರಿಯಾ ಕಲ್ಲಿದ್ದಲಿಗೆ ಗ್ರೇ-ಕಿಂಗ್ ಪರೀಕ್ಷೆ (ಗಾಳಿ ತಾಗದಂತೆ ಕಾಯಿಸಿ ಕೋಕ್, ಟಾರ್, ನೀರು, ಅನಿಲ ಎಷ್ಟೆಷ್ಟು ಬರುತ್ತದೆಂದು ಅಳೆಯುವುದು) ಮಾಡುತ್ತಿದ್ದೇವೆ. 20 ಗ್ರಾಂ ಪುಡಿ, ಸಿಲಿಕಾ ನಳಿಗೆ, 300ರಿಂದ 600 ಡಿಗ್ರಿಗೆ ನಿಮಿಷಕ್ಕೆ 5 ಡಿಗ್ರಿಯಂತೆ ಏರಿಸಿ 15 ನಿಮಿಷ ಹಿಡಿದಿಡುತ್ತೇವೆ. ಕೋಕ್, ಟಾರ್, ನೀರು, ಅನಿಲ ಕೂಡಿದರೆ ಶೇ. 99ರ ಮೇಲೇ ಬರುತ್ತದೆ. ಆದರೆ ಟಾರ್ ಒಮ್ಮೆ ಶೇ. 7.4, ಇನ್ನೊಮ್ಮೆ 5.8. ಅನಿಲದ ಗಾತ್ರವನ್ನು ತಾಪಮಾನಕ್ಕೆ ಮಾತ್ರ ತಿದ್ದಿದ್ದೇವೆ. ಎಲ್ಲಿ ಹುಡುಕಬೇಕು?

ಉತ್ತರ: ಮೊತ್ತ ನೂರರ ಹತ್ತಿರ ಬಂತೆಂದು ನಂಬಬೇಡಿ. ನಳಿಗೆಯ ಪಕ್ಕದ ಕೊಳವೆಯಲ್ಲಿ ಟಾರ್ ಅಂಟಿ ಉಳಿದರೆ ಅದು ನಳಿಗೆಯ ಜೊತೆ ಕೋಕ್ ಆಗಿ ತೂಗುತ್ತದೆ. ಟಾರ್ ಇಳಿಯುತ್ತದೆ, ಕೋಕ್ ಅಷ್ಟೇ ಏರುತ್ತದೆ, ಮೊತ್ತ ಕದಲುವುದಿಲ್ಲ. ಎರಡು ಸಲದ ಕೋಕ್ ಅಂಕಿಗಳನ್ನು ಪಕ್ಕದಲ್ಲಿಟ್ಟು ನೋಡಿ, ತಿಳಿಯುತ್ತದೆ. ಕಾಯಿಸುವುದು ಮುಗಿದ ಕೂಡಲೇ, ಟಾರ್, ನೀರು ಇಳಿದು ನಿಲ್ಲುವ ಯು-ಕೊಳವೆ ಬಿಚ್ಚುವ ಮೊದಲು, ಪಕ್ಕದ ಕೊಳವೆಗೆ ಸಣ್ಣ ಉರಿ ತೋರಿಸಿ ಟಾರನ್ನು ಕೆಳಕ್ಕೆ ಹರಿಸಿ.

ಎರಡನೆಯದು ನೀರು. ಟಾರ್ ಮತ್ತು ನೀರು ಒಟ್ಟಿಗೆ ತೂಗಿ, ಟಾಲ್ಯೂನ್ ಹಾಕಿ, ಕುದಿಸಿ ನೀರನ್ನು ಬೇರ್ಪಡಿಸುವ ಗಾಜಿನ ಉಪಕರಣವಾದ ಡೀನ್-ಸ್ಟಾರ್ಕ್‌ನಲ್ಲಿ ನೀರು ಅಳೆದು ಕಳೆಯುತ್ತೀರಿ ತಾನೇ? ಅಲ್ಲಿ 0.1 ಮಿ.ಲೀ. ತಪ್ಪಿದರೆ 20 ಗ್ರಾಂಗೆ ಶೇ. 0.5 ತಪ್ಪು. ಅಳತೆ ಕೊಳವೆ 2 ಮಿ.ಲೀ.ನದ್ದಿರಲಿ. ಗಾಜು ಜಿಡ್ಡಾಗಿದ್ದರೆ ಹನಿಗಳು ಕಂಡೆನ್ಸರ್ ಗೋಡೆಗೇ ಅಂಟಿಕೊಳ್ಳುತ್ತವೆ, ತಂತಿಯಿಂದ ತಳ್ಳಿ ಇಳಿಸಿ. ನೀರಿನ ಅಂಕಿಯಿಂದ ಕಲ್ಲಿದ್ದಲಿನ ತೇವಾಂಶ ಕಳೆಯುವುದನ್ನು ಮರೆಯಬೇಡಿ.

ಇನ್ನು ಅನಿಲ. ಬೆಂಗಳೂರಿನ ಗಾಳಿಯ ಒತ್ತಡ ಸುಮಾರು 910 ಹೆಕ್ಟೋಪಾಸ್ಕಲ್, ಸಮುದ್ರಮಟ್ಟದ 1013 ಅಲ್ಲ. 30 ಡಿಗ್ರಿಯಲ್ಲಿ ನೀರಿನ ಮೇಲೆ 2000 ಮಿ.ಲೀ. ಅನಿಲ ಹಿಡಿದಿರಿ ಎನ್ನೋಣ. ತಾಪಮಾನಕ್ಕೆ ಮಾತ್ರ ತಿದ್ದಿದರೆ 0 ಡಿಗ್ರಿಗೆ 1802 ಮಿ.ಲೀ. ನೀರಾವಿಯ 42 ಹೆಕ್ಟೋಪಾಸ್ಕಲ್ ಕಳೆದು ಒತ್ತಡಕ್ಕೂ ತಿದ್ದಿದರೆ 1544. ಅನಿಲದ ಸಾಂದ್ರತೆ ಲೀಟರಿಗೆ 0.9 ಗ್ರಾಂ ಎಂದಿಟ್ಟುಕೊಂಡರೆ ವ್ಯತ್ಯಾಸ ಕಲ್ಲಿದ್ದಲಿನ ಶೇ. 1.2ರಷ್ಟು. ಮಂಜಿನ ರೂಪದಲ್ಲಿ ಅನಿಲದ ಜೊತೆ ತಪ್ಪಿಸಿಕೊಂಡ ಟಾರ್ ಈ ಹುಸಿ ತೂಕದ ಹಿಂದೆ ಅಡಗಿ ಕೂತಿರಬಹುದು! ಯು-ಕೊಳವೆಯ ನಂತರ ತೂಗಿಟ್ಟ ಹತ್ತಿಯ ತುಂಡು ಸೇರಿಸಿ. ಅದು ಕಂದಾದರೆ ಟಾರ್ ದಾಟಿದೆ ಎಂದೇ ಅರ್ಥ.

ಬರೀ ನೀರಿನ ಮೇಲೆ ಅನಿಲ ಹಿಡಿದರೆ ಕಾರ್ಬನ್ ಡೈಆಕ್ಸೈಡ್, ಹೈಡ್ರೋಜನ್ ಸಲ್ಫೈಡ್ ಕರಗಿ ಹೋಗುತ್ತವೆ. ಆಮ್ಲ ಸೇರಿಸಿದ ಉಪ್ಪುನೀರು ಬಳಸಿ. ಉಪ್ಪು ಕರಗುವ ಮಿತಿಯವರೆಗೆ ಹಾಕಿದ್ದರೆ ನೀರಾವಿಯ ಒತ್ತಡ ಮುಕ್ಕಾಲಕ್ಕಿಳಿಯುತ್ತದೆ, ಲೆಕ್ಕದಲ್ಲಿ ಅದೇ ಅಂಕಿ ಹಾಕಿ.

ಮರುಪ್ರಶ್ನೆ: ಹಾಗಾದರೆ ಅನಿಲವನ್ನು ಅಳೆಯದೆ ನೂರರಿಂದ ಉಳಿದದ್ದನ್ನು ಕಳೆದು ಬರೆಯಬಾರದೇ?

ಉತ್ತರ: ಖಂಡಿತ ಬೇಡ. ಸೋರಿಕೆ, ಟಾರ್ ನಷ್ಟ, ತೂಕದ ತಪ್ಪು ಎಲ್ಲವೂ ಅನಿಲದ ಖಾತೆಗೆ ಬೀಳುತ್ತವೆ. ನೇರವಾಗಿ ಅಳೆದರೆ ಮಾತ್ರ ಕೂಡಿದ ಮೊತ್ತದಿಂದ ಪರೀಕ್ಷೆಯ ಗುಣ ತಿಳಿಯುತ್ತದೆ.

ಮರುಪ್ರಶ್ನೆ: ಒಂದು ಮಾದರಿ ಉಬ್ಬಿ ನಳಿಗೆಯನ್ನೇ ತುಂಬಿಬಿಡುತ್ತದೆ.

ಉತ್ತರ: ಎಲೆಕ್ಟ್ರೋಡ್ ಕಾರ್ಬನ್ (ಕಾಯಿಸಿದರೂ ಉಬ್ಬದ ಇಂಗಾಲದ ಪುಡಿ) ಬೆರೆಸಿ. ಒಟ್ಟು 20 ಗ್ರಾಂನಲ್ಲಿ 6 ಗ್ರಾಂ ಬೆರೆಸಿದಾಗ ಕೋಕ್ ಮೂಲ ಗಾತ್ರದಲ್ಲೇ ನಿಂತರೆ ಅದು ಜಿ-6 ಎಂಬ ಕೋಕ್ ದರ್ಜೆ. ಆಗ ಟಾರ್, ನೀರು, ಅನಿಲವನ್ನು 20ರಿಂದಲ್ಲ, ಕಲ್ಲಿದ್ದಲು ಇರುವ 14 ಗ್ರಾಂನಿಂದ ಭಾಗಿಸಿ. ಕೋಕಿನ ತೂಕದಿಂದ ಮೊದಲು ಆ 6 ಗ್ರಾಂ ಕಳೆಯಿರಿ.

ಮರುಪ್ರಶ್ನೆ: ಈ ಟಾರ್ ಅಂಕಿಯನ್ನು ಉಕ್ಕಿನ ಕಾರ್ಖಾನೆಯ ಕೋಕ್ ಒಲೆಗೆ ಹೋಲಿಸಬಹುದೇ?

ಉತ್ತರ: ಇಲ್ಲ. ಸಾವಿರ ಡಿಗ್ರಿ ದಾಟುವ ಒಲೆಯಲ್ಲಿ ಟಾರ್ ಮತ್ತೆ ಒಡೆದು ಅನಿಲವಾಗುತ್ತದೆ, ಅಲ್ಲಿ ಶೇ. 3-4 ಸಾಮಾನ್ಯ. ಅದಕ್ಕೆ 900 ಡಿಗ್ರಿಯ ಪರೀಕ್ಷೆ ಬೇರೆಯೇ ಇದೆ.