ತಿಸ್ರಿ ಕುದಿಸಿದರೆ ಡಿಡಿಟಿ ಹೋಗುತ್ತದಾ?

ನಾನು ಕಾರವಾರದವಳು, ಈಗ ಶಿರಸಿಯಲ್ಲಿದ್ದೇನೆ. ಐದು ತಿಂಗಳ ಬಸುರಿ. ಆಯಿ ಆಗಾಗ ತಿಸ್ರಿ (ಬಳಚು, ಹೊಳೆಯ ಕೆಸರಿನ ಚಿಪ್ಪಿ) ಕಳಿಸುತ್ತಾಳೆ. ಡಿಡಿಟಿಯಂಥ ಹಳೆಯ ಕೀಟನಾಶಕ ಚಿಪ್ಪಿಯೊಳಗೆ ಸೇರಿರುತ್ತದೆ ಎಂದು ಓದಿ ತಲೆ ಕೆಟ್ಟಿದೆ. ನೀವೆಲ್ಲ ಏನು ಮಾಡುತ್ತೀರಿ?

ಕುಮಟಾದಿಂದ:
ತಂಗಿ, ನಾವು ಅಘನಾಶಿನಿ ಅಳಿವೆ ಪಕ್ಕದವರು. ಬಳಚನ್ನು ರಾತ್ರಿ ಉಪ್ಪುನೀರಲ್ಲಿಟ್ಟರೆ ಮರಳು ಕಾರುತ್ತದೆ. ಬೆಂದ ಮೇಲೂ ಬಾಯಿ ಬಿಡದ್ದನ್ನು ಎಸೆಯುತ್ತೇವೆ. ಡಿಡಿಟಿ ಅಂದ್ರೆ ನನಗೆ ನೆನಪಾಗುವುದು ಮಲೇರಿಯಾದವರು ಗೋಡೆಗೆ ಹೊಡೆದು ಹೋಗುತ್ತಿದ್ದ ಬಿಳಿ ಪುಡಿ.

ಕಾರವಾರದಿಂದ, ಕಡಲ ಜೀವಿಗಳ ಬಗ್ಗೆ ಓದಿದವಳು:
ಉಪ್ಪುನೀರಿಗೆ ಮರಳು ಹೋಗುತ್ತದೆ, ಕುದಿಸಿದರೆ ರೋಗಾಣು ಸಾಯುತ್ತದೆ. ಡಿಡಿಟಿ ಎರಡಕ್ಕೂ ಜಗ್ಗುವುದಿಲ್ಲ. ಅದಕ್ಕೆ ನೀರು ಸೇರದು, ಕೊಬ್ಬು ಸೇರುತ್ತದೆ. ಮಣ್ಣಿಗೆ ಅಂಟಿಕೊಂಡು ಮಳೆಗಾಲದಲ್ಲಿ ಹೊಳೆಗೆ ಇಳಿಯುತ್ತದೆ, ಕೊನೆಗೆ ಅಳಿವೆಯ ಕೆಸರಿಗೆ. ತಿಸ್ರಿ ಅಲ್ಲೇ ಹೂತುಕೊಂಡು ನೀರು ಸೋಸಿ ಬದುಕುವ ಜೀವ. ನಮ್ಮ ದೇಶದಲ್ಲಿ ಬೇಸಾಯಕ್ಕೆ ಡಿಡಿಟಿ ನಿಷೇಧವಾದದ್ದು 1989ರಲ್ಲಿ. ಆದರೆ ಅದು ಒಡೆದು ಆಗುವ ಡಿಡಿಇ ಇನ್ನೂ ಹಟಮಾರಿ. ಅಮೆರಿಕದಲ್ಲಿ 1986ರಿಂದ ಕರಾವಳಿಯ ಮಾಲಿನ್ಯ ಅಳೆಯಲು ನೀಲಿಕಲ್ಲು (ಮಸೆಲ್), ಕಲ್ವ (ಆಯ್ಸ್ಟರ್) ಎಂಬ ಚಿಪ್ಪಿಗಳನ್ನೇ ಪರೀಕ್ಷೆ ಮಾಡುತ್ತಾರೆ. ಅಲ್ಲಿ ಡಿಡಿಟಿ ಇಳಿಯುತ್ತಾ ಬಂದಿದೆ, ಆದರೆ ನಿಧಾನಕ್ಕೆ.

ಹೆದರಿ ಪೂರ್ತಿ ಬಿಡಬೇಡ. ತಿಸ್ರಿಯಲ್ಲಿ ಕೊಬ್ಬು ಕಡಿಮೆ, ಹಾಗಾಗಿ ದೊಡ್ಡ ಬೇಟೆ ಮೀನಿಗಿಂತ ಸಾಮಾನ್ಯವಾಗಿ ಇದರಲ್ಲಿ ವಿಷವೂ ಕಡಿಮೆ. ಏಡಿಯ ಹೊಟ್ಟೆಯ ಕೊಬ್ಬಿನ ಹಳದಿ ಮಾತ್ರ ಸದ್ಯಕ್ಕೆ ಬೇಡ. ರುಚಿ ಇರೋದೇ ಅದರಲ್ಲಿ, ಗೊತ್ತು! ಎಷ್ಟು ತಿನ್ನಬಹುದು ಎಂದು ಡಾಕ್ಟರನ್ನು ಕೇಳು. ಅದಕ್ಕಿಂತ ಮೊದಲು ಆಯಿಯನ್ನು ಕೇಳು, ತಿಸ್ರಿ ಯಾವ ಜಾಗದ್ದು ಅಂತ. ಚರಂಡಿ ಬಂದು ಸೇರುವ ಕಡೆಯದ್ದಾದರೆ ಬೇಡವೇ ಬೇಡ.

ಶಿರಸಿಯಿಂದ, ಅಡಿಕೆ ತೋಟದವನು:
ಓದಿ ಸ್ವಲ್ಪ ಮುಜುಗರವಾಯಿತು. ಅಘನಾಶಿನಿ ಹುಟ್ಟುವುದು ನಮ್ಮಲ್ಲಿ. ಅಡಿಕೆಯ ಕೊಳೆರೋಗಕ್ಕೆ ನಾವು ಪ್ರತಿ ಮಳೆಗಾಲ ಬೋರ್ಡೋ ದ್ರಾವಣ ಹೊಡೆಸುತ್ತೇವೆ. ಅದರಲ್ಲಿರುವ ಮೈಲುತುತ್ತದ ತಾಮ್ರವೂ ಕರಗಿ ಕಾಣೆಯಾಗುವ ವಸ್ತುವಲ್ಲ, ಅಲ್ವಾ?

ಕಾರವಾರದವಳು:
ಹೌದು, ಕಲ್ವ ತಾಮ್ರವನ್ನು ಚೆನ್ನಾಗಿ ಹೀರುತ್ತದೆ. ಜಾಸ್ತಿಯಾದರೆ ಮಾಂಸವೇ ಹಸಿರಾಗುತ್ತದೆ.

ಶಿರಸಿಯವನು:
ಹಾಗಾದರೆ ಮದ್ದಿನ ಡ್ರಮ್ಮು ಹಳ್ಳದಲ್ಲಿ ತೊಳೆಯುವುದನ್ನು ಈ ಸಲದಿಂದ ನಿಲ್ಲಿಸಿದೆ.

ಕೇಳಿದವಳು:
ಆಯಿಗೆ ಫೋನ್ ಮಾಡಿದೆ. ಕಾಳಿ ಹೊಳೆಯದ್ದಂತೆ. ಯಾವ ಜಾಗ ಅಂದರೆ, ಮಾರುವ ಅಕ್ಕನನ್ನು ಕೇಳಿ ಹೇಳುತ್ತಾಳಂತೆ.